ಬಸವನಹುಳುವಿನ ವಿಳಾಸ

ನಾನಿರುವ ಊರಿನ ಹೆಸರು ತುಂಬ. ನಾಡಿನಲ್ಲಿರುವ ನೆಂಟರಿಗೆ ಇದನ್ನು ಹೇಳಿ ಮುಗಿಸುವುದೇ ಒಂದು ಕೆಲಸ. "ಈಗ ಎಲ್ಲಿದ್ದೀಯಪ್ಪ?" ಎಂದು ಕೇಳುತ್ತಾರೆ. "ತುಂಬದಲ್ಲಿ" ಎನ್ನುತ್ತೇನೆ. "ತುಂಬ ಅಂದರೆ? ಎಷ್ಟು ದೂರ?" ಎಂದು ಮರುಪ್ರಶ್ನೆ ಬರುತ್ತದೆ. ತಿರುವನಂತಪುರದ ಉತ್ತರಕ್ಕೆ, ಕಡಲಿಗೆ ಅಂಟಿಕೊಂಡಿರುವ ಊರು ಇದು. 1963ರ ನವೆಂಬರ್ 21ರಂದು ನಮ್ಮ ದೇಶದ ನೆಲದಿಂದ ಅಂತರಿಕ್ಷ ಸಂಶೋಧನೆಗಾಗಿ ಮೊದಲ ರಾಕೆಟ್ಟು ಹಾರಿದ್ದು ಇಲ್ಲಿಂದಲೇ ಎಂದು ಹೇಳಿದ ಮೇಲೆ ಅವರಿಗೆ ಸ್ವಲ್ಪ ಗೌರವ ಹುಟ್ಟುತ್ತದೆ. ಆ ಗೌರವವನ್ನು ನಾನೇ ಇಟ್ಟುಕೊಳ್ಳುತ್ತೇನೆ. ನಾನು ಬೇರೊಂದು ಸರಕಾರಿ ಕಛೇರಿಯಲ್ಲಿ ಗುಮಾಸ್ತನೆಂಬುದನ್ನು ಕೇಳಿದವರಿಗೆ ಮಾತ್ರ ಹೇಳುತ್ತೇನೆ.

ಊರಿಗೆ ಈ ಹೆಸರು ಬಂದದ್ದು ತುಂಬೆ ಗಿಡದಿಂದಂತೆ. ಮಲಯಾಳಿಗಳು ಓಣಂ ಹಬ್ಬದಲ್ಲಿ ರಂಗವಲ್ಲಿಗೆ ಇಡುವ ತುಂಬ, ನಮ್ಮವರು ಶಿವನಿಗೆ ಏರಿಸುವ ಅದೇ ಬಿಳಿಯ ತುಂಬೆ. ಶಿವನ ಹೂವಿದ್ದಲ್ಲಿಗೆ ಶಿವನ ವಾಹನವೂ ಬರಬೇಕಲ್ಲವೆ? ಕಳೆದ ಮಳೆಗಾಲದಲ್ಲಿ ಬಂದ. ಒಬ್ಬನಲ್ಲ, ನೂರಾರು ಬಸವರು. ಗೋಡೆಯ ಮೇಲೆ, ಪಪ್ಪಾಯಿ ಗಿಡದ ಮೇಲೆ, ಬಚ್ಚಲಿನ ಬಾಗಿಲಲ್ಲಿ, ನನ್ನ ಎಡಗಾಲಿನ ಚಪ್ಪಲಿಯೊಳಗೆ. ನಾನು ಹೇಳುತ್ತಿರುವುದು ಬಸವನಹುಳುವಿನ ಮಾತು. ತಲೆಯ ಮೇಲೆ ಕೊಂಬು, ಬೆನ್ನ ಮೇಲೆ ಡುಬ್ಬ, ನಡೆಯಲ್ಲಿ ಅವಸರವಿಲ್ಲ. ಇದಕ್ಕೆ ಬಸವನೆಂದು ಹೆಸರಿಟ್ಟ ನಮ್ಮ ಹಿರಿಯರು ಕಣ್ಣಿದ್ದವರು. ಮಲಯಾಳದಲ್ಲಿ ಇದು ಬರೀ 'ಒಚ್ಚ್'. ಆ ಹೆಸರಿನಲ್ಲಿ ಭಕ್ತಿಗೆ ಎಡೆಯಿಲ್ಲ.

ಪಕ್ಕದ ಮನೆಯ ಚೇಟ್ಟನವರು ಮೊದಲ ದಿನವೇ ಬಂದು ಎಚ್ಚರಿಸಿದರು. "ಸಾರೇ, ಇದು ನಮ್ಮ ಒಚ್ಚ್ ಅಲ್ಲ, ಆಫ್ರಿಕದ್ದು. ಹೊರಗಿನಿಂದ ಬಂದದ್ದು. ಒಂದನ್ನೂ ಉಳಿಸಬಾರದು." ಅವರ ಕೈಯಲ್ಲಿ ಒಂದು ಬಕೆಟ್ಟು, ಅದರಲ್ಲಿ ಕಲ್ಲುಪ್ಪು. ಮರುದಿನ ಸಂಜೆಯಿಂದ ನಮ್ಮ ಬೀದಿಯ ಏಳು ಮನೆಗಳವರೂ ಬ್ಯಾಟರಿ ಹಿಡಿದು ಹೊರಟೆವು. ನಾನು ಹಳೆಯ ಚಿಮಟವೊಂದನ್ನು ಅಡುಗೆಮನೆಯಿಂದ ತಂದೆ. ಅದು ಮತ್ತೆ ಅಡುಗೆಮನೆಗೆ ಹೋಗಲಿಲ್ಲ, ಆ ವಿಚಾರದಲ್ಲಿ ನನ್ನ ಮಡದಿ ಇಂದಿಗೂ ನನ್ನನ್ನು ಕ್ಷಮಿಸಿಲ್ಲ. ಹೆಕ್ಕುವುದು, ಬಕೆಟ್ಟಿಗೆ ಹಾಕುವುದು, ಉಪ್ಪು ಸುರಿಯುವುದು. ನೊರೆ ಬರುತ್ತಿತ್ತು. ನೋಡಲು ಹಿತವಾದ ದೃಶ್ಯವಲ್ಲ. ಆದರೆ ಹತ್ತು ಜನ ಸೇರಿ ಮಾಡುವ ಕೆಲಸದಲ್ಲಿ ಒಂದು ಉತ್ಸಾಹವಿರುತ್ತದೆ. ಅದು ಯೋಚನೆಗೆ ಬಿಡುವು ಕೊಡುವುದಿಲ್ಲ.

ನಮ್ಮ ಪುಟ್ಟನಿಗೆ ಏಳು ವರ್ಷ. ಅವನು ಬ್ಯಾಟರಿ ಹಿಡಿದು ನನ್ನ ಜೊತೆಗೆ ನಡೆಯುತ್ತಿದ್ದವನು, ಒಂದು ಸಂಜೆ ಇದ್ದಕ್ಕಿದ್ದ ಹಾಗೆ ಕೇಳಿದ: "ಅಪ್ಪ, ನಾವೂ ಹೊರಗಿನಿಂದ ಬಂದವರು ಅಲ್ವಾ?"

"ಹೌದು, ಅದಕ್ಕೇನು?" ಎಂದೆ.

"ಏನಿಲ್ಲ" ಎಂದ.

ಮಕ್ಕಳ 'ಏನಿಲ್ಲ'ಕ್ಕೆ ಬೆಲೆ ಕೊಡಬೇಕೆಂಬುದು ನನಗೆ ಆಗ ಹೊಳೆಯಲಿಲ್ಲ. ಮಾರನೆಯ ಬೆಳಿಗ್ಗೆ ಬಚ್ಚಲಿನ ಕಿಟಕಿಯ ಮೇಲೆ ಸಣ್ಣದೊಂದು ಹುಳು ಹರಿಯುತ್ತಿದ್ದುದನ್ನು ಕಂಡು, ಚಿಮಟದಲ್ಲಿ ಹಿಡಿದು ಬಕೆಟ್ಟಿಗೆ ಹಾಕಿ, ಕಛೇರಿಗೆ ಹೊತ್ತಾಯಿತೆಂದು ಓಡಿದೆ.

ಮೂರನೆಯ ದಿನ ಪುಟ್ಟನಿಗೆ ಜ್ವರ ಬಂತು. ಮಳೆಗಾಲದ ಜ್ವರವೆಂದು ಕಷಾಯ ಕೊಟ್ಟೆವು. ಎರಡು ದಿನವಾದರೂ ಇಳಿಯದೆ, ತಲೆನೋವೆಂದು ಅಳತೊಡಗಿದಾಗ ವೈದ್ಯರಲ್ಲಿಗೆ ಕರೆದುಕೊಂಡು ಹೋದೆವು. ಅವರು ಪರೀಕ್ಷೆ ಮಾಡಿ, ಅವನ ಕತ್ತನ್ನು ಬಾಗಿಸಿ ನೋಡಿ, "ಹುಡುಗ ಒಚ್ಚನ್ನು ಮುಟ್ಟಿದ್ದನೆ?" ಎಂದು ಕೇಳಿದರು. ಇಲ್ಲ ಎಂದು ನಾನು ಹೇಳುವಷ್ಟರಲ್ಲಿ ಪುಟ್ಟ ತಲೆ ತಗ್ಗಿಸಿದ. ಒಂದು ಹುಳುವನ್ನು ಅವನು ತನ್ನ ಪೆನ್ಸಿಲ್ ಡಬ್ಬಿಯಲ್ಲಿ ಎರಡು ದಿನ ಸಾಕಿದ್ದನಂತೆ. ಅದಕ್ಕೆ ಬಸವ ಎಂದು ಹೆಸರನ್ನೂ ಇಟ್ಟಿದ್ದ. ಅದು ಓಡಿಹೋಯಿತಂತೆ. (ಬಸವನಹುಳು ಓಡಿಹೋಗುವುದನ್ನು ನಾನು ಅಂದೇ ಕೇಳಿದ್ದು.)

"ಯಾವ ಜಾತಿಯ ಹುಳು?" ಎಂದು ವೈದ್ಯರು ನನ್ನನ್ನು ಕೇಳಿದರು. ನಾನು ಬಿ. ಎ. ಪದವೀಧರ, ಹದಿಮೂರು ವರ್ಷಗಳಿಂದ ಕಾಗದಗಳ ಮೇಲೆ ಇತರರ ಗುರುತು ಪರಿಶೀಲಿಸಿ ಸಹಿ ಹಾಕುತ್ತಿರುವವನು. ನನ್ನ ಮನೆಯೊಳಗೆ ಎರಡು ದಿನ ಇದ್ದವನ ಗುರುತು ನನಗೆ ಗೊತ್ತಿರಲಿಲ್ಲ.

ಅವರು ಕೇಳಿದ್ದಕ್ಕೆ ಕಾರಣವಿತ್ತು. ಇಲಿಗಳ ಶ್ವಾಸಕೋಶದಲ್ಲಿ ಬೆಳೆಯುವ ಒಂದು ಸೂಕ್ಷ್ಮವಾದ ಜಂತು ಉಂಟು. ಇಲಿಯ ಹಿಕ್ಕೆಯನ್ನು ತಿಂದ ಬಸವನಹುಳುವಿನ ಮೈಯಲ್ಲಿ ಅದರ ಮರಿಗಳು ಬೆಳೆಯುತ್ತವೆ. ಹುಳುವನ್ನು ಮುಟ್ಟಿದ ಕೈ ತೊಳೆಯದೆ ಬಾಯಿಗೆ ಹೋದರೆ, ಇಲ್ಲವೆ ಹುಳು ಹರಿದ ಸೊಪ್ಪನ್ನು ಹಸಿಯಾಗಿ ತಿಂದರೆ, ಮನುಷ್ಯನ ಹೊಟ್ಟೆಗೆ ಸೇರಿ ಅಲ್ಲಿಂದ ಮೆದುಳಿಗೆ ಹೋಗಿ ಮಿದುಳುಪೊರೆಯ ಉರಿಯೂತವನ್ನು ತರಬಲ್ಲವು. ಕೇರಳದಲ್ಲಿ ಮಕ್ಕಳಿಗೆ ಹೀಗಾದದ್ದುಂಟು. ಅಂಥ ವರದಿಗಳಲ್ಲಿ ಕೇಳಿಬಂದ ಹೆಸರು ಆಫ್ರಿಕದ ದೈತ್ಯ ಬಸವನಹುಳುವಿನದು. "ಈಗ ಹೆದರುವ ಲಕ್ಷಣವಿಲ್ಲ. ಕುತ್ತಿಗೆ ಬಿಗಿಯುತ್ತದೆಯೋ, ವಾಂತಿಯಾಗುತ್ತದೆಯೋ ನೋಡುತ್ತಿರಿ. ಮೂರು ವಾರ ಕಣ್ಣಿಟ್ಟಿರಿ" ಎಂದರು. ಮೂರು ವಾರ ಎಂದು ಹೇಳುವುದು ಸುಲಭ. ರಾತ್ರಿ ಎರಡು ಗಂಟೆಗೆ ಎದ್ದು, ಮಲಗಿದ ಮಗುವಿನ ಕುತ್ತಿಗೆಯನ್ನು ಮೆಲ್ಲಗೆ ಬಾಗಿಸಿ ನೋಡುವ ತಾಯಿಯ ಪಕ್ಕದಲ್ಲಿ ನಿದ್ರೆ ಬಂದವನ ಹಾಗೆ ಮಲಗಿರುವುದು ಸುಲಭವಲ್ಲ.

ಜ್ವರ ನಾಲ್ಕು ದಿನಕ್ಕೆ ಇಳಿಯಿತು. ಆದರೆ ವೈದ್ಯರ ಪ್ರಶ್ನೆ ನನ್ನಲ್ಲಿ ಉಳಿಯಿತು. ಹಿತ್ತಿಲಿನಲ್ಲಿ ನಾವು ಹುಳುಗಳನ್ನು ಹೂತ ಗುಂಡಿಯನ್ನು ಕೈಚೀಲ ತೊಟ್ಟು ಅಗೆದೆ. ನೋಡಿದವರು ಏನೆಂದುಕೊಂಡರೋ. ನಲವತ್ತೊಂದು ಚಿಪ್ಪುಗಳನ್ನು ಹೆಕ್ಕಿ, ಬಿಸಿನೀರಿನಲ್ಲಿ ಕುದಿಸಿ, ತೊಳೆದು, ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ತುಂಬಿದೆ. ಆ ಭಾನುವಾರ ಕೊಚ್ಚಿಯಲ್ಲಿ ಕನ್ನಡಿಗರ ಕೂಟವೊಂದಿತ್ತು. ಕೂಟಕ್ಕೆ ಬರುವ ಹಿರಿಯರಲ್ಲಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರೊಬ್ಬರು ಇದ್ದಾರೆ. ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ರೈಲು ಹತ್ತಿದೆ. ಎದುರಿಗೆ ಕುಳಿತಿದ್ದ ಮಗುವೊಂದು ಎರ್ನಾಕುಳಂ ಬರುವ ತನಕ ಆ ಡಬ್ಬಿಯನ್ನೇ ಆಸೆಯಿಂದ ನೋಡುತ್ತಿತ್ತು. ತೆಗೆದು ತೋರಿಸುವ ಧೈರ್ಯ ನನಗಾಗಲಿಲ್ಲ.

ಮೇಷ್ಟ್ರು ಉಪ್ಪಿಟ್ಟಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ವರ್ತಮಾನ ಪತ್ರಿಕೆ ಹಾಸಿ, ಡಬ್ಬಿಯನ್ನು ಅದರ ಮೇಲೆ ಸುರಿದರು. "ನೋಡಪ್ಪ, ಮೊದಲು ಗಾತ್ರವನ್ನು ಮರೆತುಬಿಡು. ದೊಡ್ಡದೆಲ್ಲ ಆಫ್ರಿಕ, ಚಿಕ್ಕದೆಲ್ಲ ಅದರ ಮರಿ ಎಂದುಕೊಂಡಿದ್ದೀಯಲ್ಲ, ಎಡವಿದ್ದು ಅಲ್ಲೇ" ಎಂದರು.

ಅವರು ಒಂದು ಚಿಪ್ಪನ್ನು ತುದಿ ಮೇಲಾಗಿ, ಬಾಯಿ ನಮ್ಮ ಕಡೆಗೆ ಇರುವಂತೆ ಹಿಡಿದರು. ಪ್ರಾಣಿಶಾಸ್ತ್ರಜ್ಞರು ಹಿಡಿಯುವ ಕ್ರಮ ಇದು. ಬಾಯಿ ಬಲಗಡೆಗೆ ಬಂದರೆ ಬಲಸುತ್ತು, ಎಡಗಡೆಗೆ ಬಂದರೆ ಎಡಸುತ್ತು. ನೆಲದ ಮೇಲಿನ ಹುಳುಗಳಲ್ಲಿ ಬಲಸುತ್ತಿನವೇ ಬಹಳ. ಆದರೆ ನಮ್ಮ ಪಶ್ಚಿಮ ಘಟ್ಟದ ಕಡೆ ಅರಿಯೊಫಾಂಟ ಎಂಬ ಕುಲವುಂಟು. ಅದರಲ್ಲಿ ಎಡಸುತ್ತಿನವುಗಳಿವೆ, ಕಂಡೊಡನೆ ಗುರುತು ಹಿಡಿಯಬಹುದು. ಇಲ್ಲಿ ನಾನು ನಡುವೆ ಬಾಯಿ ಹಾಕಿ, ಪೂಜೆಗೆ ಇಡುವ ಬಲಮುರಿ ಶಂಖದ ವಿಚಾರ ಕೇಳಿದೆ. ಮೇಷ್ಟ್ರು ನಕ್ಕರು. ನಾವು ಶಂಖವನ್ನು ಹಿಡಿಯುವುದು ಅದರ ಸುರುಳಿ ಕೆಳಗಾಗಿ. ಆದ್ದರಿಂದ ಪುರೋಹಿತರ ಬಲಮುರಿ ಶಾಸ್ತ್ರಜ್ಞರಿಗೆ ಎಡಮುರಿ. ಇಬ್ಬರೂ ಹೇಳುವುದು ಒಂದೇ ಅಪರೂಪದ ಶಂಖವನ್ನು. ಜಗಳವೆಲ್ಲ ಹಿಡಿದ ಕೈಯದು.

ಆಮೇಲೆ ಆಫ್ರಿಕದ ಹುಳುವಿನ ಲಕ್ಷಣ. ಇದರ ಶಾಸ್ತ್ರೀಯ ನಾಮ ಲಿಸ್ಸಕಾಟಿನ ಫುಲಿಕ. ಅಗಲಕ್ಕಿಂತ ಎತ್ತರ ಹೆಚ್ಚು, ತುದಿ ಚೂಪು, ಬೆಳೆದದ್ದರಲ್ಲಿ ಏಳರಿಂದ ಒಂಬತ್ತು ಸುತ್ತು. ಚಿಪ್ಪಿನ ಮೇಲೆ ಕಂದು ಗೆರೆಗಳು ಸುತ್ತನ್ನು ಅಡ್ಡಕ್ಕೆ ಹಾಯ್ದು, ಮೇಲಿನಿಂದ ಕೆಳಕ್ಕೆ, ಬೆಂಕಿಯ ನಾಲಗೆಯಂತೆ ಇಳಿದಿರುತ್ತವೆ. ಆದರೆ ಗೆರೆ ಮಾಸಬಹುದು, ಬಣ್ಣ ಬಿಸಿಲಿಗೆ ಹೋಗಬಹುದು. ಹೋಗದ ಗುರುತು ಒಂದಿದೆ. ಚಿಪ್ಪಿನ ಬಾಯೊಳಗೆ ನೋಡಿದರೆ ಸುತ್ತುಗಳೆಲ್ಲ ತಬ್ಬಿಕೊಂಡಿರುವ ನಡುಗಂಬ ಕಾಣುತ್ತದೆ. ಈ ಹುಳುವಿನಲ್ಲಿ ಆ ಕಂಬ ಬಿಳಿಯದು, ಅದರ ಬುಡ ಕತ್ತಿಯಿಂದ ಕತ್ತರಿಸಿದ ಹಾಗೆ ಫಕ್ಕನೆ ಮುಗಿಯುತ್ತದೆ. ತುಟಿಯ ಅಂಚಿಗೆ ಬಳುಕಿ ಸೇರುವುದಿಲ್ಲ. ಮೊನ್ನೆ ಮೊಟ್ಟೆಯೊಡೆದು ಬಂದ ಮರಿಯಲ್ಲೂ ಹಾಗೆಯೇ, ಗೇಣುದ್ದದ ಅಜ್ಜನಲ್ಲೂ ಹಾಗೆಯೇ. ಮೇಷ್ಟ್ರು ಬೆಂಕಿಕಡ್ಡಿಯ ತುದಿಯಿಂದ ಮೂರು ನಾಲ್ಕು ಚಿಪ್ಪುಗಳಲ್ಲಿ ಅದನ್ನು ತೋರಿಸಿದರು. ಒಮ್ಮೆ ಕಂಡ ಮೇಲೆ ಮರೆಯುವಂಥದ್ದಲ್ಲ.

ನಲವತ್ತೊಂದನ್ನೂ ನಾವಿಬ್ಬರೂ ವಿಂಗಡಿಸಿದೆವು. ಮೂವತ್ತೆರಡು ಕತ್ತರಿಸಿದ ಕಂಬದವು. ಉಳಿದ ಒಂಬತ್ತು ಬೇರೆ ತೆರ. ಎತ್ತರಕ್ಕಿಂತ ಅಗಲ ಹೆಚ್ಚು. ಒತ್ತಿದ ಉಂಡೆಯ ಹಾಗೆ ಚಪ್ಪಟೆ. ನಸುಬಿಳಿಯ ಮೈ, ಅದರ ಮೇಲೆ ಕಂದು ಪಟ್ಟಿ ಅಡ್ಡ ಹಾಯದೆ ಸುತ್ತಿನ ಜೊತೆಗೇ ಸುತ್ತಿಕೊಂಡು ಹೋಗುತ್ತದೆ. ಕಂಬದ ಬುಡ ಕತ್ತರಿಸಿಲ್ಲ. "ಇದು ಕ್ರಿಪ್ಟೊಜೋನ ಬಿಸ್ಟ್ರಿಯಾಲಿಸ್. ದಕ್ಷಿಣದ ತಗ್ಗುನಾಡಿನದು, ಸಿಂಹಳದಲ್ಲೂ ಇದೆ. ಈ ನೆಲದ ಹಳೆಯ ಒಕ್ಕಲು" ಎಂದರು ಮೇಷ್ಟ್ರು. ಹಾಗೆನ್ನುತ್ತ ಒಂದನ್ನು ತಿರುಗಿಸಿ, ಕನ್ನಡಕ ಸರಿಮಾಡಿಕೊಂಡು, "ಇದೇನಿದು, ಇದರ ಮೇಲೆ ಬರೆದಿದೆ?" ಎಂದರು.

ಚಿಪ್ಪಿನ ಮೇಲೆ ನೀಲಿ ಮಸಿಯಲ್ಲಿ ಒಂದು ಅಕ್ಷರ. ಕುದಿಸಿದರೂ ಪೂರ್ತಿ ಹೋಗಿರಲಿಲ್ಲ. 'ಬ'.

ಈ ಮಗುವಿಗೆ ಶಾಲೆಯಲ್ಲಿ ಕನ್ನಡವಿಲ್ಲ. ಮನೆಯಲ್ಲಿ ರಾತ್ರಿ ಊಟವಾದ ಮೇಲೆ ನಾನೇ ಸ್ಲೇಟು ಹಿಡಿದು ಅಕ್ಷರ ತಿದ್ದಿಸಿದ್ದು. ಪವರ್ಗಕ್ಕೆ ಬರುವ ಹೊತ್ತಿಗೆ ಇಬ್ಬರಿಗೂ ನಿದ್ದೆ ಬರುತ್ತಿತ್ತು. 'ಬ'ದ ಹೊಟ್ಟೆಯನ್ನು ಅವನು ಸರಿಯಾಗಿಯೇ ಬರೆದಿದ್ದ.

ಮೇಷ್ಟ್ರಿಗೆ ನಾನು ಎಲ್ಲವನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಜ್ವರದ ವಿಚಾರದಲ್ಲಿ ಸಮಾಧಾನ ಮಾಡಿಕೋ, ಆದರೆ ಪೂರ್ತಿ ಅಲ್ಲ. ನಮ್ಮ ಹುಳುಗಳಿಗೂ ಆ ಜಂತು ಸೇರಬಹುದು. ವೈದ್ಯರು ಹೇಳಿದ ಮೂರು ವಾರ ಮೂರು ವಾರವೇ" ಎಂದರು. ಆಮೇಲೆ ಉಪ್ಪಿಟ್ಟನ್ನು ಹತ್ತಿರ ಎಳೆದುಕೊಂಡು ವಿಳಾಸದ ಮಾತು ತೆಗೆದರು.

ನಮ್ಮ ಕಛೇರಿಯಲ್ಲಿ ಬರೀ ಭಾವಚಿತ್ರವಿದ್ದ ಅರ್ಜಿ ನಡೆಯುವುದಿಲ್ಲ, ವಿಳಾಸ ಬೇಕು. ಹುಳುವಿಗೂ ಹಾಗೆಯೇ ಎಂದು ಅವರ ಮಾತಿನಿಂದ ತಿಳಿಯಿತು. ಪಶ್ಚಿಮ ಘಟ್ಟದಲ್ಲಿಯೇ ಸುಮಾರು 270 ಜಾತಿಯ ನೆಲದ ಬಸವನಹುಳುಗಳಿವೆ. ಅವುಗಳಲ್ಲಿ ಹೆಚ್ಚಿನವು ಬೇರೆಲ್ಲಿಯೂ ಇಲ್ಲ. ಮೀನು ಹೊಳೆಯಲ್ಲಿ ಈಜಬಹುದು, ಹಕ್ಕಿ ಹಾರಬಹುದು; ಈ ಬಡಪಾಯಿ ಒಂದು ಒಣ ಬಯಲನ್ನು ದಾಟಲಾರದು. ಆದ್ದರಿಂದ ಗುಡ್ಡ ಬದಲಾದರೆ ಹುಳುವೂ ಬದಲಾಗುತ್ತದೆ. ಒಂದೇ ಬಗೆಯಾಗಿ ಕಾಣುವ ಎರಡು ಚಿಪ್ಪುಗಳಲ್ಲಿ ಯಾವುದು ಯಾವುದೆಂದು ಹೇಳಬೇಕಾದರೆ ಎಲ್ಲಿ ಸಿಕ್ಕಿತು ಎಂಬುದನ್ನು ಬರೆದಿಟ್ಟಿರಬೇಕು. ಸಿಕ್ಕಿದ ಊರಿನ ಚೀಟಿ ಇಲ್ಲದ ಚಿಪ್ಪು ಎಷ್ಟು ಚೆಲುವಾಗಿದ್ದರೂ ಶಾಸ್ತ್ರಕ್ಕೆ ಅರ್ಧ ಬೆಲೆ.

ಉದಾಹರಣೆಗೆಂದು ಇಂಡ್ರೆಲ್ಲ ಆಂಪುಲ್ಲ ಎಂಬುದನ್ನು ಹೇಳಿದರು. ದಕ್ಷಿಣದ ಘಟ್ಟಗಳ ಮಳೆಕಾಡಿನಲ್ಲಿ ಮಾತ್ರ ಇರುವಂಥದು. ಆ ಕುಲದಲ್ಲಿ ಇದೊಂದೇ ಜಾತಿ. ಚಿಪ್ಪು ತೆಳ್ಳಗೆ, ಕುಪ್ಪಿಯಂತೆ ಉಬ್ಬಿರುತ್ತದೆ, ಬಾಯಿ ಅಗಲ. ಮೈಬಣ್ಣ ಕೆಲವದರಲ್ಲಿ ಕುಂಕುಮದ ಕೆಂಪು, ಕೆಲವದರಲ್ಲಿ ಹಳದಿ. ಇದನ್ನು 1850ರಲ್ಲಿ ಲೋಕಕ್ಕೆ ಪರಿಚಯಿಸಿದವನು ವಿಲಿಯಂ ಬೆನ್ಸನ್ ಎಂಬ ಕಂಪೆನಿ ಸರಕಾರದ ಅಧಿಕಾರಿ. ಅವನೂ ನನ್ನ ಹಾಗೆ ಸರಕಾರಿ ನೌಕರ. ದರ್ಜೆ ಮಾತ್ರ ಬೇರೆ. ಕಛೇರಿಯ ಕೆಲಸದ ನಡುವೆ ನಮ್ಮ ದೇಶದ ನೂರಾರು ಬಸವನಹುಳುಗಳಿಗೆ ಹೆಸರು ಕೊಟ್ಟ ಪುಣ್ಯಾತ್ಮ. ಇನ್ನು ಆಫ್ರಿಕದ ಹುಳುವನ್ನು ಭಾರತಕ್ಕೆ ತಂದವರು ಯಾರು? ಅದೇ ಬೆನ್ಸನ್! ಪೂರ್ವ ಆಫ್ರಿಕದ ಕರಾವಳಿಯ ಆ ಹುಳು ಮಡಗಾಸ್ಕರಿಗೂ ಅಲ್ಲಿಂದ ಮಾರಿಷಸ್ ದ್ವೀಪಕ್ಕೂ ಮೊದಲೇ ಬಂದಿತ್ತು. ಮಾರಿಷಸ್ಸಿನಿಂದ ಅವನು ಜೀವಂತವಾಗಿ ತಂದವುಗಳು 1847ರಲ್ಲಿ ಕಲ್ಕತ್ತೆಯ ಚೌರಂಗಿಯ ತೋಟವೊಂದಕ್ಕೆ ಸೇರಿದವು. ಬಸವನಹುಳುಗಳನ್ನು ಅವನಷ್ಟು ಬಲ್ಲವರು ಆಗ ಈ ದೇಶದಲ್ಲಿ ವಿರಳ. ಬಲ್ಲವನೇ ತಂದ ಮೇಲೆ ನನ್ನಂಥವನು ಗುರುತು ತಪ್ಪಿದ್ದರಲ್ಲಿ ಏನಾಶ್ಚರ್ಯ ಎಂದುಕೊಳ್ಳಲು ನೋಡಿದೆ. ಆ 'ಬ' ಬಿಡಲಿಲ್ಲ.

ಕೇರಳಕ್ಕೆ ಇದು ಮೊದಲು ಬಂದದ್ದು ಪಾಲಕ್ಕಾಡಿಗೆ, 1970ರ ದಶಕದಲ್ಲಿ ಎನ್ನುತ್ತಾರೆ. ಒಂದು ಸಲಕ್ಕೆ ನೂರಕ್ಕೂ ಮೇಲೆ ಮೊಟ್ಟೆ, ಸಾಬಕ್ಕಿಯ ಕಾಳಿಗಿಂತ ಸ್ವಲ್ಪ ದಪ್ಪ. ಗಂಡು ಹೆಣ್ಣು ಎಂಬ ಭೇದವೂ ಇಲ್ಲ, ಪ್ರತಿಯೊಂದೂ ಮೊಟ್ಟೆಯಿಡಬಲ್ಲದು. 1966ರಲ್ಲಿ ಅಮೆರಿಕದ ಮಯಾಮಿಗೆ ಒಬ್ಬ ಹುಡುಗ ಹವಾಯಿಯಿಂದ ಮೂರು ಹುಳು ತಂದ. ಅವನ ಅಜ್ಜಿ ಅವನ್ನು ತೋಟಕ್ಕೆ ಬಿಟ್ಟರು. ಏಳು ವರ್ಷಗಳಲ್ಲಿ ಹದಿನೆಂಟು ಸಾವಿರವಾಗಿ, ನಿರ್ಮೂಲ ಮಾಡಲು ಹತ್ತು ಲಕ್ಷ ಡಾಲರು ಹಿಡಿಯಿತು. ಇದನ್ನು ಕೇಳಿ, ಕೊಲ್ಲುವುದು ಸರಿಯೆ ಎಂಬ ನನ್ನ ಸಂದೇಹ ಹೋಯಿತು. ಸರಿಯೆ, ಆದರೆ ಯಾರನ್ನು? ಹವಾಯಿಯವರು ಇದೇ ಹುಳುವನ್ನು ಕೊಲ್ಲಲೆಂದು 1955ರಲ್ಲಿ ಬಸವನಹುಳುಗಳನ್ನೇ ತಿನ್ನುವ ಬೇರೊಂದು ಬಸವನಹುಳುವನ್ನು ಫ್ಲಾರಿಡದಿಂದ ತಂದು ಬಿಟ್ಟರು. ಅದು ಆಫ್ರಿಕದ ದೈತ್ಯನನ್ನು ಹಾಗೇ ಬಿಟ್ಟು, ಆ ದ್ವೀಪದ ಮರಗಳ ಮೇಲಿದ್ದ ಪುಟ್ಟ ಹುಳುಗಳ ಜಾತಿ ಜಾತಿಗಳನ್ನೇ ಮುಗಿಸುತ್ತ ಹೋಯಿತು. ಹವಾಯಿಯಲ್ಲಿ ಮಾತ್ರವಲ್ಲ, ನಮ್ಮ ಬೀದಿಯ ಬಕೆಟ್ಟಿನಲ್ಲಿ ಆದದ್ದೂ ಅದೇ.

ರಾತ್ರಿ ಮನೆಗೆ ಬಂದಾಗ ಪುಟ್ಟ ಎದ್ದೇ ಇದ್ದ. ಡಬ್ಬಿಯಲ್ಲಿ ಏನೆಂದು ಕೇಳಿದ. ಹೇಳದೆ ಇರಬಹುದಿತ್ತು. 'ಓಡಿಹೋದ' ಬಸವ ಅವನ ಲೆಕ್ಕದಲ್ಲಿ ಎಲ್ಲಿಯೋ ದಾಸವಾಳದ ಬೇಲಿಯಲ್ಲಿ ಸುಖವಾಗಿ ಇದ್ದಾನೆ. ನನ್ನ ಮಡದಿ ಕಣ್ಣಿನಲ್ಲೇ ಬೇಡವೆಂದಳು. ಆದರೂ ಚಿಪ್ಪನ್ನು ಅವನ ಕೈಯಲ್ಲಿ ಇಟ್ಟೆ. "ಬಚ್ಚಲಿನ ಕಿಟಕಿಯ ಮೇಲಿತ್ತು. ನಾನು ಆಫ್ರಿಕದ ಮರಿ ಅಂದುಕೊಂಡೆ. ತಪ್ಪಾಯಿತು" ಎಂದೆ.

ಅವನು ಅದನ್ನು ಬಹಳ ಹೊತ್ತು ತಿರುಗಿಸಿ ನೋಡಿದ. ಅಳಲಿಲ್ಲ. "ನನ್ನನ್ನು ಕೇಳಬಹುದಿತ್ತು" ಎಂದ. ಆಮೇಲೆ, "ಇದು ಹೊರಗಿನದಲ್ವಾ ಹಾಗಾದರೆ?" ಎಂದ. ಅಲ್ಲವೆಂದೆ. "ಹೊರಗಿನದಾಗಿದ್ದರೆ?" ಎಂದು ಕೇಳಿದ. ಅಂದು ಸಂಜೆಯ 'ಏನಿಲ್ಲ' ಇದೇ ಎಂದು ಈಗ ಅರ್ಥವಾಯಿತು. ಆ ಹುಳು ಹೊರಗಿನಿಂದ ಬಂತೆಂದು ಕೊಲ್ಲುವುದಲ್ಲ, ಬಂದ ಕಡೆ ಗಿಡ, ಬೆಳೆ, ಗೋಡೆಯ ಸುಣ್ಣ, ಯಾವುದನ್ನೂ ಬಿಡದೆ ತಿಂದು ಬೇರೆಯವರಿಗೆ ಜಾಗವಿಲ್ಲದಂತೆ ಮಾಡುತ್ತದೆ, ಅದಕ್ಕಾಗಿ ಎಂದೆ. "ನಾವು ಹಾಗೆ ಮಾಡಲ್ಲ" ಎಂದು ಅವನೇ ತೀರ್ಮಾನ ಹೇಳಿ ಮಲಗಿದ. ಪಕ್ಕದ ಮನೆಯ ಚೇಟ್ಟನವರ ಹೆಂಡತಿ ಅವನಿಗೆ ಜ್ವರವಿದ್ದ ನಾಲ್ಕು ದಿನವೂ ಗಂಜಿ ಕಳುಹಿಸಿದ್ದರೆಂಬುದನ್ನೂ ಇಲ್ಲಿ ಬರೆಯಬೇಕು.

ಮೂರು ವಾರಗಳು ಕಳೆದವು. ದೇವರ ದಯದಿಂದ ಏನೂ ಆಗಲಿಲ್ಲ.

ಚೇಟ್ಟನವರಿಗೆ ನಾನು ಎರಡು ಬಗೆಯ ಚಿಪ್ಪನ್ನೂ ತೋರಿಸಿದೆ. ಅವರು ಮೊದಲು ಒಪ್ಪಲಿಲ್ಲ. ನಡುಗಂಬವನ್ನು ಬೆಂಕಿಕಡ್ಡಿಯಿಂದ ತೋರಿಸಿದ ಮೇಲೆ, "ಚಿಕ್ಕಂದಿನಲ್ಲಿ ನಾನು ನೋಡುತ್ತಿದ್ದದ್ದು ಇದೇ ಚಪ್ಪಟೆಯದು" ಎಂದರು. ಈಗ ನಮ್ಮ ಬೀದಿಯಲ್ಲಿ ಉಪ್ಪು ನಿಂತಿದೆ. ಉಪ್ಪು ಸುರಿದ ಮಣ್ಣಿನಲ್ಲಿ ಗಿಡ ಬದುಕುವುದಿಲ್ಲವೆಂದು ಮೇಷ್ಟ್ರು ಹೇಳಿ ಕಳುಹಿಸಿದ್ದರು. ಪೀಚಿಯ ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯವರು ಹೇಳಿಕೊಟ್ಟ ಕ್ರಮದಂತೆ ಒದ್ದೆ ಗೋಣಿಚೀಲದಲ್ಲಿ ಪಪ್ಪಾಯಿ ಎಲೆ, ಎಲೆಕೋಸಿನ ಎಲೆ ಇಟ್ಟು ರಾತ್ರಿ ಬಿಡುತ್ತೇವೆ. ಬೆಳಿಗ್ಗೆ ಅದಕ್ಕೆ ಸೇರಿದ್ದನ್ನು ಕೈಚೀಲ ತೊಟ್ಟು ವಿಂಗಡಿಸುತ್ತೇವೆ. ಆಫ್ರಿಕದವಕ್ಕೆ ಮಾತ್ರ ಹೊಗೆಸೊಪ್ಪಿನ ಕಷಾಯ, ಮೈಲುತುತ್ತದ ನೀರು.

ವಿಂಗಡಿಸುವವನು ಪುಟ್ಟ. ಮುಟ್ಟುವ ಹಾಗಿಲ್ಲ; ಕೈ ಹಿಂದಕ್ಕೆ ಕಟ್ಟಿಕೊಂಡು, ಬಗ್ಗಿ, ಕೋಲಿನಿಂದ ತೋರಿಸುತ್ತಾನೆ. "ಅದು ಅಡ್ಡಗೆರೆ. ಅದೂ ಅಡ್ಡಗೆರೆ. ಅಪ್ಪ, ತಡಿ, ಅದು ನಮ್ಮದು." ನಮ್ಮದನ್ನು ನಾನು ಎಲೆಯ ಮೇಲೆ ಏರಿಸಿ ಬೇಲಿಯ ಬುಡಕ್ಕೆ ಬಿಟ್ಟು ಬರುತ್ತೇನೆ. ಆಮೇಲೆ ಇಬ್ಬರೂ ಸಾಬೂನು ಹಾಕಿ ಕೈ ತೊಳೆಯುತ್ತೇವೆ, ಅವನು ಮುಟ್ಟದೆ ಇದ್ದರೂ.

'ಬ' ಅಕ್ಷರದ ಚಿಪ್ಪು ಅವನ ಪೆನ್ಸಿಲ್ ಡಬ್ಬಿಯಲ್ಲಿದೆ. ಜೊತೆಗೆ ಒಂದು ಚೀಟಿ, ಮೇಷ್ಟ್ರು ಹೇಳಿದಂತೆ ಅವನ ಕೈಯಲ್ಲೇ ಬರೆಸಿದ್ದು: ಸಿಕ್ಕಿದ ಊರು, ತುಂಬ.